ಕರಿಹಲಗೆಯ ಎರಡು ಸಾಲು, ಒಂದು ಮನೆತನದ ಹುಡುಕಾಟ

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ನನ್ನ ಕೆಲಸ. ಪತ್ರಿಕೆ ಓದುವ ಹಜಾರದ ಬಾಗಿಲ ಪಕ್ಕ ಒಂದು ಕರಿಹಲಗೆ ಇದೆ. ಹಿಂದೆ ಅದರ ಮೇಲೆ ಹೊಸ ಪುಸ್ತಕಗಳ ಹೆಸರು ಬರೆಯುತ್ತಿದ್ದರು. ಹೊಸ ಪುಸ್ತಕ ಬರುವುದು ಅಪರೂಪವಾದ ಮೇಲೆ ಹಲಗೆ ಖಾಲಿ ಬಿದ್ದಿತ್ತು. ಅದರ ಮೇಲೆ ದಿನಕ್ಕೆ ಎರಡು ಸಾಲು ಬರೆಯತೊಡಗಿದೆ. ಮೊದಲ ಸಾಲಿನಲ್ಲಿ ಒಂದು ಹಳೆಯ ಸಂಗತಿ, ಎರಡನೆಯದರಲ್ಲಿ ಮನೆತನದ ಚರಿತ್ರೆ ಹುಡುಕುವವರಿಗೆ ಒಂದು ಸಲಹೆ. ಖರ್ಚು ಸೀಮೆಸುಣ್ಣದ್ದು ಮಾತ್ರ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದರಲ್ಲಿ ಶಾಖೆಗೆ ತಲುಪುವುದೆಷ್ಟು ಎಂಬ ಮಾತು ಇಲ್ಲಿ ಬೇಡ.

ಶುರುವಿನಲ್ಲಿ ಬರೆದದ್ದೆಲ್ಲ ಎಲ್ಲರೂ ಬರೆಯುವಂಥದ್ದೇ: ಇವತ್ತು ಯಾರ ಜಯಂತಿ, ಯಾವ ದೇಶ ಯಾವಾಗ ಸ್ವತಂತ್ರವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗುತ್ತಿದ್ದರು. ಪತ್ರಿಕೆಗಾಗಿ ಬರುವ ಹಿರಿಯರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಲಗೆಯ ಮುಂದೆ ಅವರು ನಿಲ್ಲತೊಡಗಿದ್ದು ಬರೆಯುವ ಸಂಗತಿ ನೂರು ಮೈಲಿಯೊಳಗಿನದಾದ ಮೇಲೆ. ಪ್ಲೇಗಿನ ಕಾಲಕ್ಕೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದು, 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದಾಗ ಸಂತೆಯಲ್ಲಿ ಆದ ಗೊಂದಲ, ಇಂಥವು.

ಇಲ್ಲಿ ಹೇಳಹೊರಟಿರುವ ಮನೆತನದ ಹುಡುಕಾಟ ಹುಟ್ಟಿದ್ದೂ ಅಂಥ ಒಂದು ಸಾಲಿನಿಂದ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ಕೋಡಿ ಬಿತ್ತು. ಪತ್ರಿಕೆಗಳ ತುಂಬ ಅದರದೇ ಚಿತ್ರ. ನಾನು ಬರೆದೆ: "ಮಾರಿಕಣಿವೆಯ ಕಟ್ಟೆ ಮುಗಿದದ್ದು 1907ರಲ್ಲಿ. ಇದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ." ಕೆಳಗಿನ ಸಾಲು: "ಈ ಕಟ್ಟೆಯ ಮಾತು ನಿಮ್ಮ ಮನೆಯಲ್ಲಿ ಬಂದದ್ದುಂಟೇ? ಯಾರ ಬಾಯಿಂದ ಕೇಳಿದಿರಿ ಎಂಬುದನ್ನೂ ಬರೆದಿಡಿ."

ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಯಜಮಾನರು, ವಯಸ್ಸು ಎಪ್ಪತ್ತರ ಆಸುಪಾಸು, ಮೇಜಿನ ಬಳಿ ಬಂದರು.

"ಮೇಡಂ, ನಾವು ಆ ನೀರಿಗೇ ಎದ್ದು ಬಂದವ್ರು. ನಮ್ಮೂರು ಒಳಗೆ ಹೋಗೈತೆ. ಯಾವೂರು ಅಂತ ಮಾತ್ರ ಗೊತ್ತಿಲ್ಲ."

"ಯಾರು ಹೇಳಿದ್ದು ಯಜಮಾನ್ರೇ?"

"ಯಾರು ಅಂದ್ರೆ... ಮನೇಲಿ ಎಲ್ರೂ ಹೇಳೋರು."

ಕೈಯಲ್ಲಿದ್ದದ್ದು

ಅವರ ಬಳಿ ಇದ್ದದ್ದು ಮೂರು ಎಳೆ. ಒಂದು ಈ ಮುಳುಗಡೆಯ ಮಾತು. ಎರಡನೆಯದು ಮನೆದೇವರು. ಹೊಸದುರ್ಗದ ಸೀಮೆಯಲ್ಲಿರುವ ಒಂದು ಗುಡಿಗೆ ಈ ಕುಟುಂಬ ಮಕ್ಕಳ ಮುಡಿ ಕೊಡಲು ತಲೆಮಾರುಗಳಿಂದ ಹೋಗುತ್ತದೆ. ಜಲಾಶಯದ ಹಿನ್ನೀರು ಹರಡಿರುವುದೂ ಅದೇ ಕಡೆ. ಹೀಗಾಗಿ ಎರಡೂ ಒಂದಕ್ಕೊಂದು ಸಾಕ್ಷಿ ಎಂದು ಮನೆಯವರು ನಂಬಿದ್ದರು. ಮೂರನೆಯದು ಟ್ರಂಕಿನಲ್ಲಿದ್ದ ಒಂದು ಕ್ರಯಪತ್ರ. ಅದು ಹರಿಯದಿರಲಿ ಎಂದು ಯಾರೋ ಹಿಂಬದಿಗೆ ಬಟ್ಟೆ ಅಂಟಿಸಿದ್ದರು.

ಮನೆದೇವರು ಒಳ್ಳೆಯ ಸುಳಿವು. ನಮ್ಮ ಕಡೆ ಊರು ಬಿಟ್ಟವರು ಹೊಲ, ಮನೆ, ಕೆಲವೊಮ್ಮೆ ಹೆಸರನ್ನೂ ಬಿಟ್ಟಿದ್ದಾರೆ, ದೇವರನ್ನು ಬಿಟ್ಟವರು ಕಡಿಮೆ. "ಮುಡಿ ಎಲ್ಲಿ ಕೊಡ್ತೀರಿ?" ಎಂದು ಕೇಳಿದರೆ ಮೂಲದ ಸೀಮೆ ಸಿಗುತ್ತದೆ ಎಂದು ಹಲಗೆಯ ಮೇಲೆ ಬಹಳ ಸಲ ಬರೆದಿದ್ದೇನೆ. ಆದರೆ ಅದು ಸೀಮೆಯನ್ನು ಹೇಳುತ್ತದೆ, ಕಾಲವನ್ನು ಹೇಳುವುದಿಲ್ಲ. ಆ ಸೀಮೆ ಬಿಟ್ಟು ನೂರು ವರ್ಷವಾಗಿದ್ದರೂ ಮುಡಿ ಅಲ್ಲೇ, ಇನ್ನೂರಾಗಿದ್ದರೂ ಅಲ್ಲೇ. ಯಜಮಾನರ ಮನೆಯವರು ಸೀಮೆಯ ಸುಳಿವಿಗೆ ಕಟ್ಟೆಯ ಕಾಲವನ್ನು ಸೇರಿಸಿಬಿಟ್ಟಿದ್ದರು.

ಪ್ಲವವೋ ಪ್ಲವಂಗವೋ

ಕ್ರಯಪತ್ರದ ಮೊದಲ ಸಾಲಿನಲ್ಲಿ ಸಂವತ್ಸರದ ಹೆಸರಿತ್ತು. ಮಡಿಕೆ ಬಿದ್ದ ಜಾಗದಲ್ಲಿ ಕಾಗದ ತೂತಾಗಿ "ಪ್ಲವ" ಎಂಬಲ್ಲಿಗೆ ಅಕ್ಷರ ನಿಂತಿತ್ತು. ಅದು ಪ್ಲವ ಇರಬಹುದು, ಪ್ಲವಂಗವೂ ಇರಬಹುದು. ಪ್ಲವ ಎಂದರೆ 1901–02, ಪ್ಲವಂಗ ಎಂದರೆ 1907–08. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ 1961–62, 1967–68ಕ್ಕೂ ಇವೇ ಹೆಸರು. ಹಳೆಯ ಪತ್ರ ಓದುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಅರವತ್ತು ವರ್ಷದ ಒಂದು ಸುತ್ತು ತಪ್ಪಿದರೆ ಎರಡು ತಲೆಮಾರೇ ಅದಲುಬದಲಾಗುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಂತೂ ಆ ತಪ್ಪು ಹೊರಗೆ ಕಾಣುವುದೂ ಇಲ್ಲ. ಪತ್ರದಲ್ಲಿ ತಿಮ್ಮಯ್ಯ ಬಿನ್ ರಂಗಯ್ಯ, ಅಂದರೆ ರಂಗಯ್ಯನ ಮಗ ತಿಮ್ಮಯ್ಯ, ಎಂದಿದ್ದರೆ, ಅದು ಎಷ್ಟನೆಯ ತಿಮ್ಮಯ್ಯ?

ಹಿಂದಿನ ಸುತ್ತು ಎಂಬುದು ಬೇಗ ತೀರ್ಮಾನವಾಯಿತು. ಛಾಪಾ ಕಾಗದದ ಮೇಲೆ ಮೈಸೂರು ಸರ್ಕಾರದ ಗಂಡಭೇರುಂಡ ಇತ್ತು, ಕ್ರಯದ ಹಣ ರೂಪಾಯಿ-ಆಣೆಯಲ್ಲಿತ್ತು. 1961ರ ಪತ್ರವಾಗಿದ್ದರೆ ಲೆಕ್ಕ ಪೈಸೆಯಲ್ಲಿ ಇರುತ್ತಿತ್ತು. ಉಳಿದದ್ದು 1902ರ ಆಚೀಚೆಯೋ 1908ರ ಆಚೀಚೆಯೋ ಎಂಬ ಆರು ವರ್ಷದ ಅನುಮಾನ. ಆ ಆರು ವರ್ಷದ ನಡುವೆಯೇ ಕಟ್ಟೆ ಮುಗಿದಿತ್ತು. ಪ್ಲವಂಗವಾದರೆ ನೀರು ಬಂತು, ಎದ್ದು ಬಂದರು, ಇಲ್ಲಿ ಜಮೀನು ಕೊಂಡರು ಎಂಬ ಕಥೆ ಸಲೀಸಾಗಿ ನಿಲ್ಲುತ್ತದೆ. ಯಜಮಾನರಿಗೆ ಸಹಜವಾಗಿಯೇ ಪ್ಲವಂಗದ ಕಡೆ ಒಲವು.

ತಿಥಿ, ವಾರ ಎರಡೂ ಉಳಿದಿದ್ದರೆ ಪಂಚಾಂಗ ಹಿಡಿದು ತಾಳೆ ನೋಡಬಹುದಿತ್ತು. ವಾರ ತೂತಿನೊಳಗೆ ಹೋಗಿತ್ತು. ನೋಂದಣಿಯಾದ ಪತ್ರಕ್ಕೆ ಹಿಂಬದಿಯಲ್ಲಿ ಸಬ್‌ರಿಜಿಸ್ಟ್ರಾರರ ಷರಾ ಇರುತ್ತದೆ, ಅದರಲ್ಲಿ ಇಂಗ್ಲಿಷ್ ತಾರೀಖು ಇರುತ್ತದೆ. ಆ ಹಿಂಬದಿಯೇ ಬಟ್ಟೆಯ ಕೆಳಗಿತ್ತು. ನೀರು ತಾಗಿಸಿ ಬಿಡಿಸೋಣ ಎಂದರು ಯಜಮಾನರು. ಬೇಡವೇ ಬೇಡ ಎಂದೆ. ಮೂಲಪತ್ರ ಮನೆಯಲ್ಲಿ ಹಾಳಾಗಿದ್ದರೂ ನೋಂದಣಿಯ ಪುಸ್ತಕದಲ್ಲಿ ಅದರ ಪ್ರತಿ ಇರುತ್ತದೆ. ಗ್ರಾಮದ ಹೆಸರು, ಬರೆದುಕೊಟ್ಟವರ ಹೆಸರು, ಬರೆಸಿಕೊಂಡವರ ಹೆಸರು ಕೊಟ್ಟು ಸೂಚಿ ತೆಗೆಸಿದರೆ ದೃಢೀಕೃತ ನಕಲು ಸಿಗುತ್ತದೆ. ಋಣಭಾರ ಪತ್ರವನ್ನು ಈಗ ಮನೆಯಲ್ಲೇ ಕೂತು ತೆಗೆಯಬಹುದು ನಿಜ, ಆದರೆ ಇಷ್ಟು ಹಳೆಯದಕ್ಕೆ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಹಲಗೆಯ ಮೇಲೆ ಆ ವಾರದ ಸಲಹೆ ಇದೇ ಆಗಿತ್ತು: "ಹಳೆಯ ಪತ್ರಕ್ಕೆ ಬಟ್ಟೆ, ಅಂಟು, ಟೇಪು ಹಚ್ಚಬೇಡಿ. ಲ್ಯಾಮಿನೇಷನ್ ಬೇಡ. ಎರಡೂ ಬದಿಯ ಫೋಟೊ ತೆಗೆದು ಮಡಿಚದೆ ಇಡಿ."

"ಪಾಲು ಕೇಳೋಕೆ ಬಂದೌನಾ?"

ನಕಲು ಕೈಗೆ ಬರುವ ಮೊದಲು ಬೇರೆಯೇ ಒಂದು ತೊಡಕು ಬಂತು. ಮನೆತನದ ಚರಿತ್ರೆಯ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ವಂಶವೃಕ್ಷ ಎಂದ ತಕ್ಷಣ ಜನಕ್ಕೆ ನೆನಪಾಗುವುದು ನಾಡಕಚೇರಿ ಮತ್ತು ಪೌತಿ ಖಾತೆ. ಯಾರೋ ಸತ್ತ ಮೇಲೆ ಜಮೀನು ಮಕ್ಕಳ ಹೆಸರಿಗೆ ಆಗಬೇಕಾದಾಗ ಮಾಡಿಸುವ ಕಾಗದ ಅದು. ಹಾಗಿರುವಾಗ ಎಪ್ಪತ್ತರ ಒಬ್ಬರು ನೂರಿಪ್ಪತ್ತು ವರ್ಷದ ಕ್ರಯಪತ್ರ ಹಿಡಿದು ಕಚೇರಿ ಸುತ್ತುತ್ತಿದ್ದಾರೆ ಎಂಬ ಸುದ್ದಿ ದಾಯಾದಿಗಳ ಕಿವಿಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಅಣ್ಣನ ಮಗ ಗ್ರಂಥಾಲಯಕ್ಕೇ ಬಂದು, "ನಮ್ ಚಿಕ್ಕಪ್ಪ ಇಲ್ಲಿ ಏನ್ ಬರೆಸ್ತಾ ಅವ್ರೆ? ಪಾಲು ಕೇಳೋಕೆ ಹೊಂಟವ್ರಾ?" ಎಂದು ಕೇಳಿದ. ಅವನ ಆತಂಕ ಸುಳ್ಳೇನಲ್ಲ. ಇಂಥ ಹುಡುಕಾಟದಿಂದ ಕೋರ್ಟು ಹತ್ತಿದ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ.

ಅಂದಿನಿಂದ ಹಲಗೆಗೆ ಕೆಲವು ಕಟ್ಟುಪಾಡು ಬಂದವು. ಯಾವ ಮನೆತನದ ಹೆಸರನ್ನೂ ಅದರ ಮೇಲೆ ಬರೆಯುವುದಿಲ್ಲ. ಜಾತಿ, ಬೆಡಗು, ಸರ್ವೆ ನಂಬರು ಬರೆಯುವುದಿಲ್ಲ. ಓದುಗರು ತಂದ ಪತ್ರದ ಪ್ರತಿ ಗ್ರಂಥಾಲಯದಲ್ಲಿ ಉಳಿಯುವುದಿಲ್ಲ, ಅವರ ಟಿಪ್ಪಣಿ ಅವರ ಪುಸ್ತಕದಲ್ಲೇ ಇರಬೇಕು. ಹುಡುಕಲು ಹೊರಟವರಿಗೆ ನಾನು ಹೇಳುವ ಮೊದಲ ಮಾತೂ ಈಗ ಬದಲಾಗಿದೆ: ಕಚೇರಿಗೆ ಹೋಗುವ ಮುಂಚೆ ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಏಕೆ ಹುಡುಕುತ್ತಿದ್ದೀರಿ ಎಂದು ಹೇಳಿಬಿಡಿ. ಯಜಮಾನರು ಹಾಗೆ ಮಾಡಿದ ಮೇಲೆ ಆ ಅಣ್ಣನ ಮಗನೇ ಬೈಕಿನಲ್ಲಿ ಅವರನ್ನು ಕಚೇರಿಗೆ ಕರೆದುಕೊಂಡು ಹೋಗತೊಡಗಿದ. ಅನುಮಾನ ಪೂರ್ತಿ ಹೋಗಿತ್ತೋ, ಪಕ್ಕದಲ್ಲೇ ಇದ್ದು ನೋಡಿಕೊಳ್ಳೋಣ ಎಂದುಕೊಂಡನೋ, ನಾನು ವಿಚಾರಿಸಲಿಲ್ಲ.

ಚೆಕ್ಕುಬಂದಿ

ನಕಲಿನಲ್ಲಿದ್ದ ನೋಂದಣಿಯ ತಾರೀಖು 1902ರ ಮೊದಲ ತಿಂಗಳುಗಳದ್ದು. ಅಂದರೆ ಪ್ಲವ. ಕಟ್ಟೆ ಮುಗಿಯುವುದಕ್ಕೆ ಐದು ವರ್ಷ ಮುಂಚೆಯೇ ಯಜಮಾನರ ಮುತ್ತಾತ ಇಲ್ಲಿ ಜಮೀನು ಕೊಂಡಿದ್ದರು.

ಇಷ್ಟಕ್ಕೇ ಮುಳುಗಡೆಯ ಕಥೆ ಬೀಳುವುದಿಲ್ಲ. ಕಟ್ಟೆ ಏಳುವ ಸುದ್ದಿ ಕೇಳಿ ಮೊದಲೇ ಹೊರಟಿರಬಹುದಲ್ಲ? ಯಜಮಾನರೂ ಅದನ್ನೇ ಹೇಳಿದರು. ಆಗ ಚೆಕ್ಕುಬಂದಿ ಓದಿದೆವು. ಪತ್ರದಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಭಾಗ ಅದು. ನಾಲ್ಕು ದಿಕ್ಕಿಗೆ ಯಾರ ಜಮೀನು, ಯಾವ ಹಳ್ಳ, ಯಾವ ಓಣಿ ಎಂಬ ಒಣ ವಿವರ. ಮಾರುವವರು ಕೊಳ್ಳುವವರನ್ನು ಉದ್ದೇಶಿಸಿ ಬರೆದ ಆ ಪತ್ರದಲ್ಲಿ ಪೂರ್ವಕ್ಕೆ "ನಿಮ್ಮ ಪಿತ್ರಾರ್ಜಿತ ಜಮೀನು" ಎಂದಿತ್ತು. ಮುತ್ತಾತ ಆ ಹೊತ್ತಿಗಾಗಲೇ ಇಲ್ಲಿ ತಂದೆಯಿಂದ ಬಂದ ಹೊಲ ಉಳುತ್ತಿದ್ದರು. ಅವರ ತಂದೆಯೂ ಇಲ್ಲಿಯವರೇ. ಗಂಡು ಸಂತತಿಯ ಕಡೆಯಿಂದ ನೋಡಿದರೆ ಮಾರಿಕಣಿವೆಗೂ ಈ ಮನೆಗೂ ಸಂಬಂಧವೇ ಇಲ್ಲ.

ಹೀಗಾಗಿ ಈಗ ನನ್ನಲ್ಲಿಗೆ ಬರುವವರಿಗೆಲ್ಲ ಚೆಕ್ಕುಬಂದಿ ಓದಿ ಎನ್ನುತ್ತೇನೆ. ಸಾಕ್ಷಿಗಳ ರುಜು, ಬಿಕ್ಕಲಂ (ಪತ್ರ ಬರೆದವರ ರುಜು) ಹಾಕಿದ ಶ್ಯಾನುಭೋಗರ ಹೆಸರು ಕೂಡ ಓದಬೇಕು. ಪತ್ರಕ್ಕೆ ಸಾಕ್ಷಿಯಾಗಿ ನಿಂತವರು ಎಷ್ಟೋ ಸಲ ಬೀಗರೋ ಭಾವಮೈದುನರೋ ಆಗಿರುತ್ತಾರೆ. ಹೆಣ್ಣುಮಕ್ಕಳ ತವರಿನ ಹೆಸರು ಪತ್ರದೊಳಗೆ ಕಾಲಿಡುವುದು ಹೆಚ್ಚಾಗಿ ಅವರ ಬೆನ್ನ ಹಿಂದೆಯೇ. ಹೆಣ್ಣು ತಾನೇ ಕಾಣಿಸಿಕೊಂಡರೆ "ಕೋಂ" ಎಂಬುದರ ಎಡಕ್ಕೆ ಅವಳ ಹೆಸರು, ಬಲಕ್ಕೆ ಗಂಡನದು. ತಂದೆ ಯಾರು, ಯಾವ ಊರಿನವಳು ಎಂಬುದಕ್ಕೆ ಜಾಗವೇ ಇಲ್ಲ.

ಇಲ್ಲಿ ಯಜಮಾನರ ಉತ್ಸಾಹ ಒಮ್ಮೆ ದಾರಿ ತಪ್ಪಿದ್ದನ್ನೂ ಹೇಳಬೇಕು. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು, 12ನೆಯದು ತುಮಕೂರಿನದು. ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿರುವುದರಿಂದ ಊರಿನ ಹೆಸರು ಹುಡುಕುವುದು ಸುಲಭ, ಈಗ ಅಂತರಜಾಲದಲ್ಲೂ ಸಿಗುತ್ತವೆ. ಮನೆದೇವರ ಊರಿನ ಕಡೆಯ ಒಂದು ಶಾಸನದಲ್ಲಿ ಗೌಡನೊಬ್ಬನ ಹೆಸರು ಕಂಡು ಇವರು, "ಇವ್ನು ನಮ್ಮೋನೇ ಇರ್ಬೇಕು ಮೇಡಂ" ಎಂದರು. ಊರಿನ ಹೆಸರು ಶಾಸನದಲ್ಲಿದೆ ಎಂದರೆ ಊರು ಅಷ್ಟು ಹಳೆಯದು, ಅಷ್ಟೇ. ನಡುವೆ ಹತ್ತು ಹದಿನೈದು ತಲೆಮಾರಿನ ಖಾಲಿ ಜಾಗವಿದೆ, ಅದನ್ನು ತುಂಬುವ ಕಾಗದವಿಲ್ಲ. ಇದನ್ನು ಎಷ್ಟು ಮೆಲ್ಲಗೆ ಹೇಳಿದರೂ ಕೇಳುವವರ ಮುಖ ಸಣ್ಣದಾಗುತ್ತದೆ.

ಸೋದರತ್ತೆ

ಹಾಗಾದರೆ ನೀರಿನ ಮಾತು ಎಲ್ಲಿಂದ ಬಂತು? ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾದದ್ದು ಈ ಭಾಗ.

ಯಜಮಾನರ ತಂದೆಯ ತಂಗಿ, ತೊಂಬತ್ತು ದಾಟಿದವರು, ಪಕ್ಕದ ತಾಲ್ಲೂಕಿನಲ್ಲಿದ್ದರು. ಅವರನ್ನು ಈ ಮೊದಲೂ ಕೇಳಿಯಾಗಿತ್ತು. "ಅತ್ತೆ, ನಮ್ಮೋರು ಯಾವ ಇಸ್ವೀಲಿ ಬಂದ್ರು?" ಎಂದಾಗ, "ಅದೆಲ್ಲ ನಂಗೇನ್ ಗೊತ್ತಪ್ಪ" ಎಂದಿದ್ದರು. ಇಸವಿ ಕೇಳಿದರೆ ಆ ವಯಸ್ಸಿನವರ ಬಾಯಿ ಕಟ್ಟಿಹೋಗುತ್ತದೆ. ಅವರ ನೆನಪು ಇಸವಿಯ ಮೇಲೆ ನಿಂತಿರುವುದಿಲ್ಲ. ಯುದ್ಧದ ರೇಷನ್ನು, 1940ರ ಆಗಸ್ಟಿನಲ್ಲಿ ನಾಲ್ವಡಿ ಮಹಾರಾಜರು ತೀರಿಕೊಂಡ ಸುದ್ದಿ, ಮೈಸೂರು ಚಲೋ, ನಯಾಪೈಸೆ, ಇವು ಅವರ ಗೂಟಗಳು. ಹಲಗೆಯ ಮೇಲಿನ ಹಳೆಯ ಸಂಗತಿಗಳನ್ನು ಸಣ್ಣ ಚೀಟಿಯಲ್ಲಿ ಬರೆದುಕೊಟ್ಟು, ಇಸವಿ ಕೇಳಬೇಡಿ, ಒಂದೊಂದನ್ನೇ ಹೇಳಿ, "ಆವಾಗ ನೀನು ಏನು ಮಾಡ್ತಿದ್ದೆ" ಎಂದಷ್ಟೇ ಕೇಳಿ ಎಂದೆ.

ಅದೇ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ ಅತ್ತೆ ತವರಿಗೆ ಬಂದಿದ್ದರು. ಎಡೆಯ ಮುಂದೆ ಯಾರ ಯಾರ ಹೆಸರು ಹೇಳುತ್ತಾರೆ ಎಂಬುದನ್ನು ಬರೆದುಕೊಳ್ಳಿ ಎಂಬುದೂ ಹಲಗೆಯ ಸಲಹೆಗಳಲ್ಲೊಂದು. ಯಾವ ಕಚೇರಿಯಲ್ಲೂ ಇಲ್ಲದ ಹೆಸರು ಅಲ್ಲಿ ಬರುತ್ತದೆ. ಯಜಮಾನರು ಬರೆದುಕೊಂಡ ಪಟ್ಟಿಯಲ್ಲಿ ಗಂಡಸರು ನಾಲ್ಕು ತಲೆಮಾರಿನವರೆಗೆ ಹೆಸರಿನಿಂದ ಇದ್ದರು. ಹೆಂಗಸರು ಎರಡು ತಲೆಮಾರು ದಾಟಿದ ಮೇಲೆ ಬರಿಯ "ಅಜ್ಜಿ", "ಮುತ್ತಜ್ಜಿ".

ಊಟವಾದ ಮೇಲೆ ಚೀಟಿ ತೆಗೆದು, ಮಾರಿಕಣಿವೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ನೀನಿನ್ನೂ ಚಿಕ್ಕೋಳು ಎಂದಾಗ ಅತ್ತೆ ಹೇಳಿದ್ದನ್ನು ಯಜಮಾನರು ಮೊಬೈಲಿನಲ್ಲಿ ಹಿಡಿದಿದ್ದರು. ನನಗೂ ಕೇಳಿಸಿದರು.

"ಆ ಕಟ್ಟೆ ಸುದ್ದಿ ಬಂದ್ರೆ ನಮ್ಮವ್ವ ಅಳೋಳು. 'ಮನೆ ಬಾಗ್ಲು ಕಿತ್ಕೊಂಡು ಗಾಡೀಲಿ ಹೇರ್ಕೊಂಡು ಬಂದ್ರು ನಮ್ಮಪ್ಪ, ನಾನು ಅದರ ಮೇಲೆ ಕುಂತಿದ್ದೆ' ಅನ್ನೋಳು."

"ಅವ್ವ ಅಂದ್ರೆ ನಮ್ಮಜ್ಜಿ. ತಾತ ಏನ್ ಹೇಳೋರು?"

"ಅಪ್ಪ ಆ ಮಾತೇ ಆಡ್ತಿರ್ಲಿಲ್ಲ. ಅಪ್ಪಂಗೇನು ಸಂಬಂಧ? ಅದು ಅವ್ವನ ತವರು."

ಲೆಕ್ಕ ಕೂಡುತ್ತದೆ. ಅಜ್ಜಿ ಹುಟ್ಟಿದ್ದು 1890ರ ದಶಕದ ನಡುವೆ ಎಂದು ಹಿಡಿದರೆ ಕಟ್ಟೆ ಮುಗಿಯುವ ಹೊತ್ತಿಗೆ ಗಾಡಿಯ ಮೇಲೆ ಕೂರುವ ಹುಡುಗಿ. ತಾತ ಅವಳಿಗಿಂತ ಹದಿನೈದು ಹದಿನಾರು ವರ್ಷ ದೊಡ್ಡವರು. ಅವರು ಹುಟ್ಟಿದ್ದು "ಧಾತು ಈಶ್ವರ ಬರ ಕಳೆದ ಮಾರನೇ ವರ್ಷ" ಎಂದು ಅತ್ತೆಯೇ ಹೇಳಿದರು. ಧಾತು 1876–77, ಈಶ್ವರ 1877–78. ಆ ಬರದಲ್ಲಿ ಮೈಸೂರು ಸೀಮೆ ಎಷ್ಟು ಬರಿದಾಯಿತು ಎಂದರೆ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷದೊಳಗೆ ಇಳಿದಿದ್ದರು. ಸಂವತ್ಸರದ ಹೆಸರಿನ ಸಮೇತ ಒಬ್ಬ ಮನುಷ್ಯನ ಹುಟ್ಟನ್ನು ನೆನಪಿಟ್ಟ ಮನೆಗೆ ಬೇರೆ ಜನನ ಪತ್ರ ಏಕೆ ಬೇಕು? ಯಜಮಾನರದೇ ಹುಟ್ಟಿದ ದಿನ ಶಾಲೆಯ ದಾಖಲಾತಿಯಲ್ಲಿ ಜೂನ್ 1 ಎಂದಿದೆ. ಮೇಷ್ಟರು ಶಾಲೆಗೆ ಸೇರಿಸಿಕೊಳ್ಳಲು ವಯಸ್ಸು ಹೊಂದಿಸಿ ಬರೆದ ತಾರೀಖು ಅದು. ಆ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರನ್ನು ಸೇರಿಸಿದರೆ ಒಂದು ಜಾತ್ರೆಯೇ ಆದೀತು.

ಮುಳುಗಿದ ಊರು ಅಜ್ಜಿಯದು. ಅವಳು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಿದಳು. ಅವರು ಅದನ್ನು "ನಮ್ಮೂರು" ಎಂದೇ ಕೇಳಿಸಿಕೊಂಡರು. ಕೇಳಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ, ಅಜ್ಜಿಯ ಊರು ನಮ್ಮೂರಲ್ಲದೆ ಇನ್ನೇನು? ಆದರೆ ಕಾಗದದಲ್ಲಿ "ನಮ್ಮವರು" ಎಂದರೆ ಬಿನ್, ಬಿನ್, ಬಿನ್ ಎಂದು ಏರುವ ಗಂಡಸರ ಏಣಿ ಮಾತ್ರ. ಬಾಯಿಮಾತನ್ನು ಆ ಏಣಿಗೆ ಒರಗಿಸಿದಾಗ ಅಜ್ಜಿಯ ಕಥೆ ತಾತನದಾಯಿತು. ಮನೆಮಾತು ಸುಳ್ಳು, ದಾಖಲೆ ನಿಜ ಎಂದು ಇಲ್ಲಿ ತೀರ್ಪು ಕೊಡಲು ಬರುವುದಿಲ್ಲ. ಎರಡೂ ನಿಜ, ಒಂದೊಂದು ಒಬ್ಬೊಬ್ಬರದು. "ಯಾರ ಬಾಯಿಂದ ಕೇಳಿದಿರಿ" ಎಂಬ ಪ್ರಶ್ನೆಗೆ ಯಜಮಾನರು ಮೊದಲ ದಿನ "ಎಲ್ರೂ" ಎಂದಿದ್ದರಲ್ಲ, ಆ "ಎಲ್ರೂ" ಒಬ್ಬಳೇ ಅಜ್ಜಿ.

ಈಗ ಎಲ್ಲಿಗೆ ಬಂದಿದೆ

ಅಜ್ಜಿಯ ಊರಿನ ಹೆಸರು ಇನ್ನೂ ಸಿಕ್ಕಿಲ್ಲ. ಅತ್ತೆಗೆ ಅದು ತಾಯಿಯ ತವರು, ಊರು ಇಲ್ಲದ ಮೇಲೆ ಅಲ್ಲಿಗೆ ಹೋದದ್ದೇ ಇಲ್ಲ, ಹೆಸರು ನೆನಪಿಲ್ಲ. ಮುಂದಿನ ದಾರಿಗಳನ್ನು ಮಾತಾಡಿಕೊಂಡಿದ್ದೇವೆ. ಜನವಿಲ್ಲದ ಗ್ರಾಮಗಳು ಕಂದಾಯದ ಲೆಕ್ಕದಲ್ಲಿ ಬೇಚಿರಾಕ್ ಎಂದು ಉಳಿದುಕೊಳ್ಳುವುದುಂಟು. ಜನಗಣತಿಯ ಜಿಲ್ಲಾ ಕೈಪಿಡಿಯ ಗ್ರಾಮಪಟ್ಟಿಯಲ್ಲೂ ಅವುಗಳ ಹೆಸರು ಸಿಗುತ್ತದೆ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಅಂಥ ಹೆಸರುಗಳನ್ನು ಅತ್ತೆಯ ಮುಂದೆ ಒಂದೊಂದಾಗಿ ಓದುವುದು ಮೊದಲ ಕೆಲಸ. ಹೆಸರು ತಾನಾಗಿ ನೆನಪಾಗದಿದ್ದರೂ ಕಿವಿಗೆ ಬಿದ್ದರೆ ಗುರುತು ಸಿಗಬಹುದು. ಅವರ ವಯಸ್ಸು ನೋಡಿದರೆ ಇದಕ್ಕೆ ತಡಮಾಡುವಂತಿಲ್ಲ. ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಹಳೆಯ ಕಡತಗಳಿವೆ. ಆದರೆ ಊರಿನ ಹೆಸರಿಲ್ಲದೆ ಅಲ್ಲಿ ಹೋಗಿ ಕೂತರೆ ದಿನ ಹಾಳು.

ಇನ್ನೊಂದು ದಾರಿ ಹೆಳವರದು. ಎತ್ತಿನ ಮೇಲೆ ಬಂದು ಮನೆಯ ಮುಂದೆ ವಂಶಾವಳಿ ಹೇಳಿ ದವಸ ಪಡೆದು ಹೋಗುವ ಅವರಲ್ಲಿ ಯಾವ ಮನೆಗಳು ಯಾವ ಹೆಳವರ ಪಾಲಿನವು ಎಂಬುದು ವಂಶಪಾರಂಪರ್ಯವಾಗಿ ನಡೆದು ಬಂದಿದೆ. ತಾತನ ಮನೆಗೆ ಬರುತ್ತಿದ್ದ ಹೆಳವರಿಗೆ ಅಜ್ಜಿಯ ತವರು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಅಜ್ಜಿಯ ಅಣ್ಣತಮ್ಮಂದಿರ ಸಂತತಿಯನ್ನು ಹಿಡಿಯಬೇಕು. ಕಟ್ಟೆಯಿಂದ ಎದ್ದು ಬಂದ ಆ ಬಾಗಿಲು ಅವರ ಯಾವುದೋ ಮನೆಗೆ ಕೂಡಿಸಿರಬೇಕು ಎಂದು ಯಜಮಾನರ ಲೆಕ್ಕ. 1902ರ ಪತ್ರದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರ ಊರು ಹೊಸದುರ್ಗದ ಕಡೆಯದು. ಹಳೆಯ ಸೀಮೆಯೊಂದಿಗೆ ಈ ಮನೆಗೆ ಆಗಲೂ ಹೋಗಿಬರುವ ಬಳಕೆ ಇತ್ತು ಎಂದಾಯಿತು, ಮುಂದೆ ಹೆಣ್ಣು ತಂದದ್ದೂ ಅದೇ ಬಳಕೆಯಿಂದ ಇರಬಹುದು. ಆ ಊರು ಈಗಲೂ ಇದೆ. ಅಣ್ಣನ ಮಗ ಮುಂದಿನ ಸಲ ಮುಡಿಗೆ ಹೋದಾಗ ಅಲ್ಲಿ ವಿಚಾರಿಸುತ್ತೇನೆ ಎಂದಿದ್ದಾನೆ.